ಕಾಡಿನ ಸುದ್ದಿ ಆಸ್ಪತ್ರೆಗೆ ತಲುಪುವ ದಾರಿ

ಡಿಸೆಂಬರ್ ಕೊನೆಯ ಮಲೆನಾಡು. ಅಡಿಕೆ ಕೊಯ್ಲಿನ ಗಡಿಬಿಡಿ. ಅಂಗಳದ ಮೂಲೆಯ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಚೊಗರಿನ ಒಗರು ವಾಸನೆ ಇಬ್ಬನಿಯ ಜೊತೆ ಕೇರಿಯೆಲ್ಲ ಸುತ್ತುತ್ತಿದೆ. ಕೊಟ್ಟಿಗೆಗೆ ಹಾಸಲು ದರಗು ಬೇಕೆಂದು ಇಬ್ಬರು ಹೆಂಗಸರು ಹೆಡಿಗೆ ಹಿಡಿದು ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತುತ್ತಾರೆ. ಒಣ ಎಲೆ ಗುಡಿಸುತ್ತ ಗುಡಿಸುತ್ತ ಮತ್ತಿ ಮರದ ಬುಡಕ್ಕೆ ಬಂದಾಗ ಮೂಗಿಗೆ ವಾಸನೆ ಬಡಿಯುತ್ತದೆ. ಕಪ್ಪು ಮುಖದ ಒಂದು ಮುಸಿಯ ಅಲ್ಲಿ ಮಗ್ಗುಲಾಗಿ ಬಿದ್ದಿದೆ. ಗಾಯವಿಲ್ಲ, ರಕ್ತವಿಲ್ಲ, ನಾಯಿ ಕಚ್ಚಿದ ಗುರುತಿಲ್ಲ. ನೊಣ ಮುತ್ತಿವೆ.

ಈಗ ಆ ಇಬ್ಬರ ಮುಂದೆ ಮೂರು ದಾರಿಗಳಿವೆ. ಹನುಮಂತನ ಕುಲ, ಹಾಗೇ ಬಿಡಬಾರದು ಎಂದು ಅರಿಸಿನ ಕುಂಕುಮ ಹಾಕಿ ಮಣ್ಣು ಮಾಡುವುದು ಒಂದು. ಹೇಳಿದರೆ ನಾಳೆಯಿಂದ ಬೆಟ್ಟಕ್ಕೇ ಬಿಡಲಿಕ್ಕಿಲ್ಲ, ನಮಗ್ಯಾಕೆ ಎಂದು ಸುಮ್ಮನೆ ಆಚೆ ನಡೆಯುವುದು ಇನ್ನೊಂದು. ಮೂರನೆಯದು, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, "ಅಕ್ಕಾ, ಇಲ್ಲೊಂದು ಮಂಗ ಸತ್ತಿದೆ" ಎಂದು ಹೇಳುವುದು.

ಶಿವಮೊಗ್ಗದಲ್ಲಿ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಆರೋಗ್ಯ ಇಲಾಖೆಯಿದೆ, ಪುಣೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಿದೆ. ಆದರೆ ಆ ವರ್ಷ ಆ ಊರಿಗೆ ಬರಬಹುದಾದ ಮಂಗನ ಕಾಯಿಲೆ ಎಷ್ಟು ಬೇಗ ತಿಳಿಯುತ್ತದೆ ಎಂಬುದು ಈ ಇಬ್ಬರು ಯಾವ ದಾರಿ ಹಿಡಿದರು ಎಂಬುದರ ಮೇಲೆ ನಿಂತಿದೆ. ರೋಗ ನಿಗಾ ಎಂದು ಸರ್ಕಾರಿ ಭಾಷೆಯಲ್ಲಿ ಕರೆಯುವ ದೊಡ್ಡ ವ್ಯವಸ್ಥೆಯ ಮೊದಲ ಕೊಂಡಿ ಈ ಫೋನ್ ಕರೆ.

ಊರವರಿಗೆ ಮೊದಲೇ ಗೊತ್ತಿತ್ತು

1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ತಲೆನೋವು, ಏಳಲಾಗದಷ್ಟು ಮೈಕೈ ನೋವು. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಮಂಗ ಸತ್ತ ಕಡೆಯೇ ಜ್ವರ ಬರುತ್ತದೆ ಎಂಬುದನ್ನು ಹಳ್ಳಿಯವರು ಯಾವ ಸೂಕ್ಷ್ಮದರ್ಶಕವೂ ಇಲ್ಲದೆ ಕಂಡುಕೊಂಡಿದ್ದರು. ಮಂಗನ ಕಾಯಿಲೆ ಎಂದು ಹೆಸರಿಟ್ಟವರೂ ಅವರೇ.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿಯವರು ಬೆಚ್ಚಿದ್ದು ಬೇರೆ ಕಾರಣಕ್ಕೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವ ಮುನ್ನ ಮಂಗಗಳು ಸಾಯುತ್ತವೆ. ಭಾರತಕ್ಕೆ ಎಂದೂ ಕಾಲಿಡದ ಆ ರೋಗ ಇಲ್ಲಿಗೂ ಬಂತೇ ಎಂಬ ಭಯ. ಅದನ್ನು ಹರಡುವ ಸೊಳ್ಳೆಯಂತೂ ನಮ್ಮಲ್ಲಿ ಯಥೇಚ್ಛ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೋ ಮೊದಲಾದವರಿದ್ದ ತಂಡ ಮಾದರಿ ತೆಗೆದು ಪರೀಕ್ಷಿಸಿದಾಗ ಸಿಕ್ಕಿದ್ದು ಹಳದಿ ಜ್ವರವಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ನೆಂಟ, ಜಗತ್ತಿಗೆ ಹೊಸದು. ಅದಕ್ಕೆ ಕ್ಯಾಸನೂರಿನ ಹೆಸರೇ ಬಿತ್ತು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಸೊರಬದ ಒಂದು ಕಾಡು ಇಂದಿಗೂ ಹಾಗೆಯೇ ಉಳಿದಿದೆ.

ಹೆಸರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕೆಲವರು ಇದನ್ನು ಮಂಗನ ಬಾವು ಎನ್ನುತ್ತಾರೆ, ಬರೆಯುವವರೂ ಹಾಗೆ ಬರೆದುಬಿಡುತ್ತಾರೆ. ಮಂಗನ ಬಾವು ಎಂದರೆ ಮಕ್ಕಳ ಗದ್ದ, ಕೆನ್ನೆ ಊದುವ ಬೇರೆಯೇ ಕಾಯಿಲೆ. ಅದಕ್ಕೂ ಮಂಗಕ್ಕೂ ಸಂಬಂಧವಿಲ್ಲ. ವರದಿಯಲ್ಲಿ ಒಂದು ಪದ ಆಚೀಚೆಯಾದರೆ ಇಡೀ ತಾಲ್ಲೂಕಿಗೆ ತಪ್ಪು ಸುದ್ದಿ ಹೋಗುತ್ತದೆ.

ಸತ್ತ ಮಂಗದ ಸುತ್ತ ಏನಿದೆ

ಮಂಗ ಈ ಕಥೆಯಲ್ಲಿ ಅಪರಾಧಿಯಲ್ಲ. ನಮಗಿಂತ ಮೊದಲು ಸಾಯುವ ಬಲಿಪಶು ಅದು. ರೋಗ ಸಾಗಿಸುವುದು ಉಣುಗು. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನಕರುಗಳ ಮೈಮೇಲೆ ರಕ್ತ ಹೀರಿ ಕೆಳಗೆ ಉದುರಿ ಮೊಟ್ಟೆಯಿಡುತ್ತವೆ. ಮಳೆ ಹಿಂದಾದ ಮೇಲೆ ಮರಿಗಳು ಹೊರಬರುತ್ತವೆ. ಆ ಮರಿ ಒಮ್ಮೆ ಪೊರೆ ಕಳಚಿ ಎರಡನೇ ಹಂತಕ್ಕೆ ಬಂದಾಗ ರಾಗಿ ಕಾಳಿನಷ್ಟಿರುತ್ತದೆ. ನವೆಂಬರ್‌ನಿಂದ ಮೇವರೆಗೆ ತರಗೆಲೆಯಲ್ಲಿ ಹುದುಗಿ ಕಾಯುವುದು ಈ ಎರಡನೇ ಹಂತದ್ದೇ. ಮನುಷ್ಯನಿಗೆ ರೋಗ ಕೊಡುವುದೂ ಹೆಚ್ಚಾಗಿ ಅದೇ. ಅಡಿಕೆ ಕೊಯ್ಲು, ದರಗು, ಸೌದೆ, ಗೇರುಬೀಜ ಎಲ್ಲಕ್ಕೂ ಅದೇ ತಿಂಗಳುಗಳು. ಕಾಯಿಲೆಯ ಕಾಲವೂ ಮಲೆನಾಡಿನ ಕೆಲಸದ ಕಾಲವೂ ಒಂದೇ ಆಗಿಬಿಟ್ಟಿದೆ.

ವೈರಾಣು ಹೊತ್ತ ಮಂಗದ ಮೈಮೇಲೆ ನೂರಾರು ಉಣುಗುಗಳಿರಬಹುದು. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅವು ಇಳಿದು ಸುತ್ತಲಿನ ಎಲೆಯ ಮೇಲೆ ಚದುರುತ್ತವೆ. ಸತ್ತ ಮಂಗಕ್ಕಿಂತ ಅದು ಬಿದ್ದ ಜಾಗ ಅಪಾಯಕಾರಿ ಎನ್ನುವುದು ಇದಕ್ಕೇ. ಮಣ್ಣು ಮಾಡಲು, ಪೂಜೆ ಮಾಡಲು ಅಲ್ಲಿ ಕುಳಿತವರ ಕಾಲಿಗೆ ರಾಗಿ ಕಾಳಿನಂಥದ್ದು ಒಂದು ಹತ್ತಿದರೂ ತಿಳಿಯುವುದಿಲ್ಲ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಆಗಿದ್ದು ಇದೇ. ಸತ್ತ ಮಂಗಗಳನ್ನು ಎತ್ತಿ ಸುಡುವ ಕೆಲಸ ಮಾಡಿದ್ದವರಿಗೇ ಜ್ವರ ಬಂತು, ಪರೀಕ್ಷೆಯಲ್ಲಿ ಕ್ಯಾಸನೂರಿನ ವೈರಾಣು ಸಿಕ್ಕಿತು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಏರುತ್ತದೆ. ಹೆಚ್ಚಿನವರು ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಮೂವರಿಂದ ಐವರು ಉಳಿಯುವುದಿಲ್ಲ. ಇನ್ನು ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು, ಗಂಜಿ ಕುಡಿದು, ಎದ್ದು ಓಡಾಡಿದ ಮೇಲೆ ಮತ್ತೆ ಜ್ವರ ಬರುತ್ತದೆ. ಈ ಸಲ ತಲೆ ಸಿಡಿತ, ಕುತ್ತಿಗೆ ಬಿಗಿತ, ಕೈ ನಡುಕ, ಮಾತಿನಲ್ಲಿ ಗೊಂದಲ. ವೈರಾಣುವನ್ನೇ ಕೊಲ್ಲುವ ಮದ್ದು ಇಲ್ಲ. ರಕ್ತಸ್ರಾವ, ನೀರಿನಂಶ, ಉಸಿರಾಟ ಇವನ್ನು ನೋಡಿಕೊಳ್ಳುವುದೇ ಚಿಕಿತ್ಸೆ, ಅದೂ ಬೇಗ ಶುರುವಾದರೆ ಮಾತ್ರ ಫಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಈ ಕೊನೆಯ ಮಾತು ಇನ್ನೂ ಎಷ್ಟೋ ಊರುಗಳಿಗೆ ತಲುಪಿಲ್ಲ.

ಫೋನ್ ಕರೆಯ ನಂತರ

ಹೆಂಗಸರು ಫೋನ್ ಮಾಡಿದರು ಎಂದುಕೊಳ್ಳೋಣ. ಆಶಾ ಕಾರ್ಯಕರ್ತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತಾಳೆ. ಅಲ್ಲಿಂದ ಸುದ್ದಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅರಣ್ಯ ಇಲಾಖೆಗೆ, ಪಶುವೈದ್ಯರಿಗೆ ಹೋಗುತ್ತದೆ. ಪಶುವೈದ್ಯರು ಮೈತುಂಬ ರಕ್ಷಣಾ ಉಡುಪು ತೊಟ್ಟು ಅಲ್ಲೇ ಕಾಡಿನಲ್ಲಿ ಮರಣೋತ್ತರ ಪರೀಕ್ಷೆ ಮಾಡಿ ಅಂಗಾಂಗಗಳ ತುಣುಕು ತೆಗೆಯುತ್ತಾರೆ. ಆಮೇಲೆ ಕಳೇಬರವನ್ನು ಸುಡಲಾಗುತ್ತದೆ. ಸುತ್ತಲಿನ ನೆಲಕ್ಕೆ ಉಣುಗು ಸಾಯುವ ಪುಡಿ ಎರಚುತ್ತಾರೆ. ಮಾದರಿ ಐಸ್ ಪೆಟ್ಟಿಗೆಯಲ್ಲಿ ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಹೋಗುತ್ತದೆ.

ಇಲ್ಲಿ ಹೊತ್ತಿನದೇ ಲೆಕ್ಕ. ಬೆಳಿಗ್ಗೆ ಸತ್ತ ಮಂಗದಲ್ಲಿ ವೈರಾಣು ಗುರುತಿಸುವುದು ಸುಲಭ. ಮೂರು ದಿನ ಬಿಸಿಲಿಗೆ ಕೊಳೆತದ್ದರಲ್ಲಿ ಏನೂ ಸಿಗದೆ ಹೋಗಬಹುದು. ಸಿಗಲಿಲ್ಲ ಎಂದರೆ ಇರಲಿಲ್ಲ ಎಂದಲ್ಲ, ನಾವು ತಡ ಮಾಡಿದೆವು ಎಂದರ್ಥ. ಸಾಯುವ ಮಂಗಗಳೆಲ್ಲ ಈ ಕಾಯಿಲೆಯಿಂದಲೇ ಸಾಯುವುದಿಲ್ಲ ಎಂಬುದೂ ನಿಜ. ಕರೆಂಟ್ ತಂತಿ ತಗುಲಿ, ನಾಯಿಗೆ ಸಿಕ್ಕಿ, ರಸ್ತೆಯಲ್ಲಿ ವಾಹನ ಬಡಿದು ಸಾಯುವವೂ ಇವೆ. ಆದರೂ ಪ್ರತಿಯೊಂದನ್ನೂ ನೋಡಲೇಬೇಕು. ಹತ್ತರಲ್ಲಿ ಒಂಬತ್ತು ಬರಿಗೈಯಲ್ಲಿ ಮುಗಿದರೂ ಹತ್ತನೆಯದು ಒಂದು ಊರನ್ನು ಎಚ್ಚರಿಸುತ್ತದೆ.

ಮಂಗದಲ್ಲಿ ವೈರಾಣು ಖಚಿತವಾದರೆ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ಜ್ವರ ಸಮೀಕ್ಷೆ ಆರಂಭ. ಲಸಿಕೆ ಹಾಕುತ್ತಿದ್ದ ಕಾಲದಲ್ಲೂ ಐದು ಕಿಲೋಮೀಟರ್ ದೂರದೊಳಗಿನ ಊರುಗಳನ್ನೇ ಮೊದಲು ಹಿಡಿಯುತ್ತಿದ್ದರು. ಆಶಾ ಕಾರ್ಯಕರ್ತೆ ಜಗಲಿಯ ತುದಿಗೆ ಬಂದು ಕೇಳುತ್ತಾಳೆ:

"ಮನೇಲಿ ಯಾರಿಗಾದ್ರೂ ಜ್ವರ ಗಿರ ಇದ್ಯೇನ್ರೀ ಅಮ್ಮ?"

"ಎಂತದೂ ಇಲ್ಲ ಮಾರಾಯ್ತಿ. ಇವ್ರಿಗೆ ನಿನ್ನೆಯಿಂದ ಮೈಕೈ ನೋವು, ಗುಡ್ಡಕ್ಕೆ ಹೋಗಿದ್ರಲ್ಲ, ಅದ್ಕೇ ಇರ್ಬೇಕು."

ಅನುಭವಸ್ಥೆ ಅಲ್ಲಿಗೇ ಹಿಂತಿರುಗುವುದಿಲ್ಲ. ಯಾವ ಗುಡ್ಡ, ಯಾವತ್ತು, ಮೈ ಮುಟ್ಟಿದರೆ ಬಿಸಿ ಇದೆಯೇ, ಕಣ್ಣು ಕೆಂಪಾಗಿದೆಯೇ ಎಂದು ಕೇಳುತ್ತಾಳೆ. ಇಲ್ಲ ಎಂಬ ಮಾತಿನ ಹಿಂದಿರುವ ಜ್ವರವನ್ನು ಹುಡುಕುವ ಈ ಕಲೆಯನ್ನು ಯಾವ ಆ್ಯಪ್ ಕೂಡ ಕಲಿಸಲಾರದು.

ರಕ್ತದ ಮಾದರಿಯ ಜೊತೆ ಒಂದು ಚೀಟಿ ಹೋಗುತ್ತದೆ. ಅದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಜ್ವರ ಬಂದ ತಾರೀಕು. ಮೊದಲ ವಾರದಲ್ಲಿ ವೈರಾಣು ರಕ್ತದಲ್ಲೇ ಓಡಾಡುತ್ತಿರುತ್ತದೆ, ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ದಿನ ಕಳೆದಂತೆ ವೈರಾಣು ಕಡಿಮೆಯಾಗಿ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹೆಚ್ಚುತ್ತದೆ, ಆಗ ಬೇರೆ ಪರೀಕ್ಷೆ ಬೇಕು. ತಾರೀಕು ತಪ್ಪಾದರೆ ತಪ್ಪು ಪರೀಕ್ಷೆ ನಡೆದು, ರೋಗವಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. "ಮೊನ್ನೆಯೋ ಆಚೆ ಮೊನ್ನೆಯೋ" ಎನ್ನುವ ಬದಲು, ಸಂತೆಯ ದಿನ, ಅಮಾವಾಸ್ಯೆ, ಮಗಳ ಮನೆಗೆ ಹೋದ ದಿನ, ಯಾವುದನ್ನಾದರೂ ಹಿಡಿದು ಲೆಕ್ಕ ಹಾಕಿ ಹೇಳುವುದು ರೋಗಿಗೇ ಒಳ್ಳೆಯದು.

ಬಿಳಿ ಬಟ್ಟೆಯ ಪರೀಕ್ಷೆ

ಮಂಗ ಸಾಯುವವರೆಗೂ ಕಾಯಬೇಕಾಗಿಲ್ಲ. ಉಣುಗನ್ನೇ ಹುಡುಕಿಕೊಂಡು ಹೋಗುವ ಕೆಲಸವೂ ನಡೆಯುತ್ತದೆ. ಬಹಳ ಸರಳ ಉಪಾಯ: ಕೋಲಿಗೆ ಕಟ್ಟಿದ ದಪ್ಪನೆಯ ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ನಿಧಾನ ಎಳೆಯುತ್ತ ನಡೆಯುತ್ತಾರೆ. ದನವೋ ಮನುಷ್ಯನೋ ಹಾದು ಹೋಗುತ್ತಿರಬೇಕು ಎಂದು ಎಲೆತುದಿಯಲ್ಲಿ ಮುಂಗಾಲು ಚಾಚಿ ಕೂತ ಉಣುಗು ಬಟ್ಟೆಗೆ ಅಂಟಿಕೊಳ್ಳುತ್ತದೆ. ಆಗಾಗ ನಿಂತು ಬಟ್ಟೆ ಮಗುಚಿ, ಕಪ್ಪು ಚುಕ್ಕೆಗಳನ್ನು ಚಿಮ್ಮಟದಿಂದ ಹೆಕ್ಕಿ ಸೀಸೆಗೆ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ಒಂದು ಜಾಗದ ಉಣುಗುಗಳನ್ನು ಒಟ್ಟಿಗೆ ಅರೆದು ಪರೀಕ್ಷಿಸುತ್ತಾರೆ. ಯಾರಿಗೂ ಜ್ವರ ಬರುವ ಮೊದಲೇ ಇಂಥ ಕಾಡಿನಲ್ಲಿ ವೈರಾಣು ಇದೆ ಎಂದು ಹೇಳಲು ಸಾಧ್ಯವಾಗುವುದು ಹೀಗೆ. ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುವುದು, ಇಂಥ ಕಡೆ ದರಗು ತರಬೇಡಿ ಎಂದು ಡಂಗುರ ಹೊಡೆಸುವುದು ಆಮೇಲಿನ ಕೆಲಸ.

ಮೂರು ನಮೂನೆ, ಒಂದು ವಾರ

ಮಂಗನ ಕಾಯಿಲೆಗೆ ಇಷ್ಟೆಲ್ಲ ಇದೆ. ಉಳಿದ ಕಾಯಿಲೆಗಳಿಗೆ? 1994ರಲ್ಲಿ ಸೂರತ್‌ನಲ್ಲಿ ಪ್ಲೇಗಿನ ಸುದ್ದಿ ಎದ್ದಾಗ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಏನಾಗುತ್ತಿದೆ ಎಂದು ದೇಶಕ್ಕೆ ಹೇಳಬಲ್ಲ ವ್ಯವಸ್ಥೆಯೇ ಇರಲಿಲ್ಲ. ಆ ಪಾಠದಿಂದ ಶುರುವಾದ ಪ್ರಯತ್ನ 2004ರಲ್ಲಿ ಸಮಗ್ರ ರೋಗ ನಿಗಾ ಯೋಜನೆಯಾಗಿ ರೂಪುಗೊಂಡಿತು. ಪ್ರತಿ ಜಿಲ್ಲೆಗೊಬ್ಬ ನಿಗಾ ಅಧಿಕಾರಿ ಬಂದರು.

ಯೋಜನೆಯ ಬೆನ್ನೆಲುಬು ಮೂರು ನಮೂನೆಗಳು. ಎಸ್ ನಮೂನೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯದು. ಅದರಲ್ಲಿ ರೋಗದ ಹೆಸರೇ ಇರುವುದಿಲ್ಲ, ಕಂಡದ್ದಷ್ಟೇ: ಜ್ವರ, ದದ್ದಿನ ಜೊತೆ ಜ್ವರ, ರಕ್ತಸ್ರಾವದ ಜೊತೆ ಜ್ವರ, ನೀರು ಭೇದಿ, ಕಾಮಾಲೆ. ಪಿ ನಮೂನೆ ವೈದ್ಯರದು, ಅವರು ಶಂಕಿಸಿದ ರೋಗ ಅದರಲ್ಲಿ. ಎಲ್ ನಮೂನೆ ಪ್ರಯೋಗಾಲಯದ್ದು, ಅಲ್ಲಿ ಖಚಿತವಾದದ್ದು ಮಾತ್ರ. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದ ಇವು ಈಗ ಐಎಚ್‌ಐಪಿ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಯಾ ದಿನವೇ ಸೇರುತ್ತವೆ. 2018ರಲ್ಲಿ ಅದನ್ನು ಮೊದಲು ಆರಂಭಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕಾರ್ಯಕರ್ತೆ ರೋಗದ ಹೆಸರು ಹೇಳಬೇಕಾಗಿಲ್ಲ ಎಂಬ ಈ ಏರ್ಪಾಟು ನನಗೆ ತುಂಬ ವಿವೇಕದ್ದು ಎನಿಸುತ್ತದೆ. ಇಲಿ ಜ್ವರವೋ ಡೆಂಗಿಯೋ ಮಂಗನ ಕಾಯಿಲೆಯೋ ಎಂದು ಆಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದೇ ಕೇರಿಯಲ್ಲಿ ಒಂದೇ ವಾರ ನಾಲ್ವರಿಗೆ ಜ್ವರ ಎಂದು ಬರೆದರೆ ಸಾಕು, ಮೇಲಿನವರು ಎದ್ದು ಕೂರಬೇಕು.

ಸೊನ್ನೆಗೂ ಅರ್ಥವಿದೆ

ಏನೂ ಇಲ್ಲದಾಗಲೂ ವರದಿ ಕಳಿಸಲೇಬೇಕು. ಹೊರಗಿನವರಿಗೆ ಇದು ದಂಡದ ಕೆಲಸವಾಗಿ ಕಾಣುತ್ತದೆ. ಆದರೆ ಒಂದು ಉಪಕೇಂದ್ರದಿಂದ ಸೊನ್ನೆ ಎಂದು ಬಂದರೆ, ಅಲ್ಲೊಬ್ಬಳು ನೋಡಿದ್ದಾಳೆ, ರೋಗವಿಲ್ಲ ಎಂದರ್ಥ. ಏನೂ ಬಾರದೆ ಖಾಲಿ ಉಳಿದರೆ, ಯಾರೂ ನೋಡಿಲ್ಲ ಎಂದರ್ಥ. ಎರಡನ್ನೂ ಒಂದೇ ಎಂದು ತಿಳಿದ ದಿನ ನಿಗಾ ಕುರುಡಾಗುತ್ತದೆ.

ಮಂಗನ ಕಾಯಿಲೆಯ ಭೂಪಟವನ್ನೇ ನೋಡಿ. 1970ರ ದಶಕದ ಆರಂಭದವರೆಗೆ ಅದು ಸೊರಬ, ಸಾಗರ, ಶಿಕಾರಿಪುರದ ಆಸುಪಾಸಿನದು ಎಂದೇ ಲೆಕ್ಕ. ಆಮೇಲೆ ಉತ್ತರ ಕನ್ನಡ, ಚಿಕ್ಕಮಗಳೂರು, ಅವಿಭಜಿತ ದಕ್ಷಿಣ ಕನ್ನಡ ಸೇರಿದವು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟದ ಉದ್ದಕ್ಕೂ ಅದು ಹರಡಿತೋ, ಅಲ್ಲೇ ಇದ್ದದ್ದು ನೋಡಿದಾಗ ಕಂಡಿತೋ? ಎರಡೂ ಸೇರಿರಬಹುದು ಎಂಬುದೇ ನನ್ನ ಅನಿಸಿಕೆ. ಹುಡುಕದ ಕಡೆ ಯಾವ ರೋಗವೂ ಇರುವುದಿಲ್ಲ, ಕಾಗದದ ಮೇಲೆ.

ಹೇಳದಿರಲು ಕಾರಣಗಳಿವೆ

ಜನ ಹೇಳುವುದಿಲ್ಲ ಎಂದು ಅಧಿಕಾರಿಗಳು ದೂರುತ್ತಾರೆ. ಯಾಕೆ ಹೇಳುವುದಿಲ್ಲ ಎಂದು ಕೇಳುವವರು ಕಡಿಮೆ.

ದಿನಗೂಲಿಯವನಿಗೆ ಕಾಡಿಗೆ ಹೋಗಬೇಡ ಎಂದರೆ ಒಲೆ ಉರಿಸಬೇಡ ಎಂದ ಹಾಗೆ. ಊರಿಗೆ ಮಂಗನ ಕಾಯಿಲೆಯ ಹೆಸರು ಬಿದ್ದರೆ ಕೊನೆ ಕೊಯ್ಯುವವರು ಬರಲೊಪ್ಪುವುದಿಲ್ಲ, ಮದುವೆಗೆ ನೆಂಟರು ಬರುವುದಿಲ್ಲ. ರೋಗಿಯ ಹೆಸರು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದರೆ, ಮನುಷ್ಯನಿಂದ ಹರಡದ ಕಾಯಿಲೆಗೂ ಆ ಮನೆಯ ಮಕ್ಕಳನ್ನು ದೂರ ಕೂರಿಸುವವರಿದ್ದಾರೆ. ಹೆಸರನ್ನು ಕಾಪಾಡುವುದು ನಿಗಾ ವ್ಯವಸ್ಥೆಯ ಉಪಕಾರವಲ್ಲ, ಅದರ ಬಂಡವಾಳ. ಒಬ್ಬನ ಹೆಸರು ಬಯಲಾದರೆ ಮುಂದಿನ ಹತ್ತು ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಇನ್ನೊಂದು ಕಾರಣ ನಂಬಿಕೆಯದು. 1983ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಬಳಿ ಗೇರು ತೋಟಕ್ಕಾಗಿ ಕಾಡು ಕಡಿದ ನಂತರ ದೊಡ್ಡ ಹಾವಳಿ ಎದ್ದಿತು. ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನೂರಕ್ಕೂ ಹೆಚ್ಚು ಜನ ಸತ್ತರು. ಕಾಡು ಕಡಿದದ್ದಕ್ಕೆ ದೈವ ಮುನಿಯಿತು ಎಂದು ಅಲ್ಲಿಯ ಹಲವರು ತಿಳಿದರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಾಡು ಕಡಿದದ್ದಕ್ಕೂ ಕಾಯಿಲೆಗೂ ಸಂಬಂಧವಿದೆ ಎಂಬಷ್ಟರ ಮಟ್ಟಿಗೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಸೊರಬದವರು ಮಂಗವನ್ನೂ ಜ್ವರವನ್ನೂ ಜೋಡಿಸಿದ ಹಾಗೆಯೇ ಇದು. ನಮ್ಮ ಹಿರಿಯರು ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಬಿದ್ದರೆ ಸಾಕು, ಗಂಟುಮೂಟೆ ಕಟ್ಟಿ ಹೊಲದ ಗುಡಿಸಲಿಗೆ ಹೋಗುತ್ತಿದ್ದರು. ಅದೂ ನಿಗಾವೇ. ಜನರ ಕಣ್ಣಿಗೆ ಕಂಡದ್ದನ್ನು ದಾಖಲೆಗೆ ತರುವ ಸೇತುವೆ ಇಲ್ಲದಿದ್ದದ್ದು ದೋಷ, ಜನರದ್ದಲ್ಲ.

ಖಾಸಗಿ ದವಾಖಾನೆಗಳದ್ದು ಬೇರೆ ಕಥೆ. ಜ್ವರ ಬಂದವರಲ್ಲಿ ಬಹಳ ಮಂದಿ ಮೊದಲು ಹೋಗುವುದು ಪೇಟೆಯ ಪರಿಚಯದ ಡಾಕ್ಟರ ಬಳಿ. ಅವರಿಗೆ ನಮೂನೆ ತುಂಬಲು ಪುರುಸೊತ್ತಿಲ್ಲ. ಆದರೂ ಅವರಲ್ಲೊಬ್ಬರು ಗಮನಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳದಲ್ಲಿ ಸಾಕ್ಷಿಯಿದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನ ಒಂದೇ ಮನೆಯಲ್ಲಿ ಇಬ್ಬರಿಗೆ ಮಿದುಳು ಜ್ವರದ ಲಕ್ಷಣ ಬಂತು. ಎರಡನೆಯವನನ್ನು ನೋಡಿದ ಖಾಸಗಿ ಆಸ್ಪತ್ರೆಯ ವೈದ್ಯರಿಗೆ ಇದು ಮಾಮೂಲಿಯಲ್ಲ ಎನಿಸಿ ಮಾದರಿಯನ್ನು ನಮ್ಮ ಮಣಿಪಾಲದ ವೈರಾಣು ಕೇಂದ್ರಕ್ಕೆ ಕಳಿಸಿದರು. ನಿಪಾ ಎಂದು ತಿಳಿದದ್ದು ಹಾಗೆ. 17 ಜನ ತೀರಿಕೊಂಡರು, ಆದರೆ ಎರಡನೇ ರೋಗಿಯಲ್ಲೇ ಗುರುತು ಸಿಕ್ಕಿದ್ದರಿಂದ ಹಾವಳಿ ಕೆಲವೇ ವಾರಗಳಲ್ಲಿ ನಿಂತಿತು.

ವೆಲ್ಲೂರಿನ ಕಾರ್ಡು

ಈ ಎಲ್ಲ ತೊಡಕಿಗೆ ನಾನು ಕಂಡ ಅತ್ಯಂತ ಒಳ್ಳೆಯ ಉತ್ತರ ಒಂದು ಅಂಚೆ ಕಾರ್ಡು. 1980ರ ದಶಕದಲ್ಲಿ ತಮಿಳುನಾಡಿನ ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಸರ್ಕಾರಿ, ಖಾಸಗಿ ಎನ್ನದೆ ವೈದ್ಯರಿಗೆಲ್ಲ ಮೊದಲೇ ಮುದ್ರಿಸಿದ, ಅಂಚೆಚೀಟಿ ಹಚ್ಚಿದ ಕಾರ್ಡು ಕೊಟ್ಟರು. ಪಟ್ಟಿಯಲ್ಲಿದ್ದ ರೋಗ ಕಂಡರೆ ಒಂದು ಸಾಲು ಬರೆದು ಡಬ್ಬಿಗೆ ಹಾಕಿದರಾಯಿತು. ತಿಂಗಳ ಕೊನೆಗೆ ಜಿಲ್ಲೆಯಲ್ಲಿ ಎಲ್ಲಿ ಏನು ಕಂಡಿತು, ಅದಕ್ಕೆ ಏನು ಮಾಡಲಾಯಿತು ಎಂಬ ಸಣ್ಣ ಪತ್ರಿಕೆ ಕಾರ್ಡು ಬರೆದ ಪ್ರತಿಯೊಬ್ಬರಿಗೂ ಬರುತ್ತಿತ್ತು.

ಗುಟ್ಟು ಇರುವುದು ಈ ಎರಡನೇ ಅರ್ಧದಲ್ಲಿ. ತಾನು ಬರೆದ ಒಂದು ಸಾಲು ಕಸದ ಬುಟ್ಟಿಗೆ ಹೋಗಲಿಲ್ಲ, ಅದರಿಂದ ಒಂದು ಊರಿಗೆ ಜನ ಹೋದರು ಎಂದು ತಿಳಿದ ವೈದ್ಯ ಮುಂದಿನ ಕಾರ್ಡನ್ನೂ ಬರೆಯುತ್ತಾನೆ. ನಮ್ಮಲ್ಲಿ ಮಾಹಿತಿ ಮೇಲಕ್ಕೆ ಹೋಗುವ ದಾರಿ ಪ್ರತಿ ವರ್ಷ ಅಗಲವಾಗುತ್ತಿದೆ: ಕಾಗದ ಹೋಗಿ ಟ್ಯಾಬ್ ಬಂತು, ಟ್ಯಾಬ್ ಹೋಗಿ ಮೊಬೈಲ್ ಬಂತು. ಕೆಳಗಿಳಿಯುವ ದಾರಿ ಮಾತ್ರ ಕಾಲುದಾರಿಯಾಗಿಯೇ ಉಳಿದಿದೆ. ಮಂಗ ಸತ್ತದ್ದನ್ನು ತಿಳಿಸಿದ ಹೆಂಗಸಿಗೆ ಅದರ ಫಲಿತಾಂಶ ಏನಾಯಿತೆಂದು ಯಾರೂ ಫೋನ್ ಮಾಡುವುದಿಲ್ಲ. ಇಪ್ಪತ್ತು ನಮೂನೆ ತುಂಬುವ ಆಶಾ ಕಾರ್ಯಕರ್ತೆಗೆ ಆ ಇಪ್ಪತ್ತರಿಂದ ಏನಾಯಿತೆಂದು ಯಾರೂ ಹೇಳುವುದಿಲ್ಲ. ಆಕೆಯ ಗೌರವಧನಕ್ಕಾಗಿಯೇ ರಸ್ತೆಗಿಳಿಯಬೇಕಾದ ಪರಿಸ್ಥಿತಿ ಇರುವಾಗ ಮುಂದಿನ ವಾರ ಆಕೆ ಜಗಲಿಯ ತುದಿಯಲ್ಲಿ ಎರಡನೇ ಪ್ರಶ್ನೆ ಕೇಳಲಿ ಎಂದು ಯಾವ ಮುಖ ಇಟ್ಟುಕೊಂಡು ನಿರೀಕ್ಷಿಸುವುದು?

ವರದಿ ಮಾಡಿದವರಿಗೆ ಉತ್ತರ ಕೊಡುವುದನ್ನು ಸೌಜನ್ಯ ಎಂದು ನೋಡಬಾರದು, ರೋಗ ನಿಯಂತ್ರಣದ ಕೆಲಸವೆಂದೇ ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯಲ್ಲಿ, ಹಾಲಿನ ಡೇರಿಯ ಬಾಗಿಲಲ್ಲಿ, ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ವಾರಕ್ಕೊಮ್ಮೆ ನಾಲ್ಕು ಸಾಲು ಬರೆದರೆ ಸಾಕು: ಇಂಥ ಕಾಡಿನಲ್ಲಿ ಸತ್ತ ಮಂಗದ ಪರೀಕ್ಷೆ ಆಯಿತು, ವೈರಾಣು ಇರಲಿಲ್ಲ, ಇಂಥ ಬೆಟ್ಟದ ಉಣುಗಿನಲ್ಲಿ ಇತ್ತು, ಹದಿನೈದು ದಿನ ಅತ್ತ ಹೋಗಬೇಡಿ. ಯಾರ ಹೆಸರೂ ಬೇಡ. ಇದಕ್ಕೆ ಹೊಸ ಯೋಜನೆ ಬೇಡ, ಬಜೆಟ್ ಬೇಡ, ಒಂದು ಸೀಮೆಸುಣ್ಣ ಸಾಕು.

ಲಸಿಕೆ ಇಲ್ಲದ ಈ ಹೊತ್ತು

ದಶಕಗಳ ಕಾಲ ಮಲೆನಾಡಿನಲ್ಲಿ ಮಂಗನ ಕಾಯಿಲೆಗೆ ಲಸಿಕೆ ಹಾಕಲಾಗುತ್ತಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಅದು ಎರಡು ಡೋಸ್‌ಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕೊಡುತ್ತದೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಚುಚ್ಚಿಸಿಕೊಂಡ ತೋಳು ವಿಪರೀತ ನೋಯುತ್ತದೆಂದು ಬೂಸ್ಟರ್‌ಗೆ ಬರುವವರು ಕಡಿಮೆಯಾದರು. ಅದರ ಸಾಮರ್ಥ್ಯ ಸಾಲದೆಂದು 2022ರಲ್ಲಿ ಬಳಕೆಯೇ ನಿಂತಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ಮಾಡುತ್ತಿದೆ. ಅದು ಕೈಗೆ ಬರುವವರೆಗೆ ಕಣ್ಣು, ಕಿವಿ, ಬಾಯಿಯೇ ಲಸಿಕೆ.

ಆದ್ದರಿಂದ ಘಟ್ಟದ ಮೇಲೆ, ಘಟ್ಟದ ಕೆಳಗೆ, ಕಾಡಿನ ಅಂಚಿನಲ್ಲಿರುವ ಓದುಗರಲ್ಲಿ ವಿನಂತಿ. ನವೆಂಬರ್‌ನಿಂದ ಮೇವರೆಗೆ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಕೂರಬೇಡಿ, ಮಣ್ಣು ಮಾಡಬೇಡಿ, ನಾಯಿಯನ್ನೂ ಬಿಡಬೇಡಿ. ಕೈಮುಗಿಯುವುದಿದ್ದರೆ ದೂರದಿಂದ ಮುಗಿಯಿರಿ. ಜಾಗದ ಗುರುತು ಇಟ್ಟುಕೊಂಡು ಅದೇ ದಿನ ಆಶಾ ಕಾರ್ಯಕರ್ತೆಗೋ, ಆರೋಗ್ಯ ಕೇಂದ್ರಕ್ಕೋ, ಅರಣ್ಯ ಇಲಾಖೆಯ ಗಾರ್ಡಿಗೋ ತಿಳಿಸಿ. ಕಾಡಿನಿಂದ ಬಂದವರು ಬಿಸಿನೀರಲ್ಲಿ ಮಿಂದು ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಜ್ವರ ಬಂದರೆ ಕಾಡಿಗೆ ಹೋದದ್ದನ್ನೂ ಜ್ವರ ಬಂದ ತಾರೀಕನ್ನೂ ಡಾಕ್ಟರಿಗೆ ನೀವಾಗಿಯೇ ಹೇಳಿ. ಮಂಗದ ಸುದ್ದಿ ಕೊಟ್ಟು ನಾಲ್ಕು ದಿನವಾದ ಮೇಲೆ ಆರೋಗ್ಯ ಕೇಂದ್ರಕ್ಕೆ ಇನ್ನೊಂದು ಸಲ ಫೋನ್ ಮಾಡಿ, "ಅದರ ರಿಪೋರ್ಟ್ ಏನು ಬಂತು?" ಎಂದು ಕೇಳಿ. ಕೇಳುವ ಹಕ್ಕು ನಿಮ್ಮದು.